ಹೊಟ್ಟೆ ಜೋಪಾನ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಚಪ್ಪಾಳೆಗೆ ಜಾಗ ಸಿಗುವುದಿಲ್ಲ. ವನಗೂರಿನ ಮೇಲಿರುವ ಎಮ್ಮೆಬೆನ್ನಿನ ಬಂಡೆಗೆ ಹೊಚ್ಚ ಹೊಸ ಸೆಡಾನ್ ಕಾರನ್ನು, ಅದರ ಹೊಟ್ಟೆಗೆ ಒಂದು ಗೀರೂ ಬೀಳದ ಹಾಗೆ ಹತ್ತಿಸಿ ಇಳಿಸಿದ ಗಂಡು ಯಾರಾದರೂ ಇದ್ದರೆ ಅದು ಈ ಪುಟ ಬರೆದಿರುವ ನಾನು. ನೀವು ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ಮಧ್ಯೆ ನುಸುಳಿದವರಿರಬಹುದು. ಮಂಜಿನಲ್ಲಿ ಬಿಸಿಲೆ ರಸ್ತೆ ಇಳಿದವರಿರಬಹುದು. ಸ್ವಾಮಿ, ಅದೆಲ್ಲ ಇಂಟರ್‌ವಲ್‌ಗೆ ಮುಂಚಿನ ಫೈಟು. ಕ್ಲೈಮ್ಯಾಕ್ಸ್ ನನ್ನ ಕೈಯಲ್ಲಿದೆ, ಕೊನೆಗೆ ಕೊಡುತ್ತೇನೆ. ಅದಕ್ಕೂ ಮೊದಲು ಹೀರೋ ಎಂಟ್ರಿ ಆಗಬೇಕು. ಹೀರೋ ನಾನಲ್ಲ.

ಡಿಸೆಂಬರಿನ ಬೆಳಗು. ವನಗೂರಿನಿಂದ ಸ್ವಲ್ಪ ಮುಂದೆ, ಟಾರು ಮುಗಿದು ಎಸ್ಟೇಟಿನ ಮಣ್ಣುದಾರಿ ಶುರುವಾಗುವ ಕಡೆ, ಸಿಲ್ವರ್ ಮರಕ್ಕೆ ಒರಗಿ ಭೂತಯ್ಯ ನಿಂತಿದ್ದಾರೆ. ತಲೆಗೆ ಮಫ್ಲರ್, ಮೈಗೆ ಅಳಿಯ ಕೊಟ್ಟ ಹಳೆಯ ಜರ್ಕಿನ್, ಕಾಲಿಗೆ ರಬ್ಬರ್ ಚಪ್ಪಲಿ. ರಾತ್ರಿ ಆನೆ ಅಡ್ಡಾಡುವ ದಾರಿ ಇದು. ಬೆಳಕು ಹರಿಯುವ ತನಕ ಯಾರನ್ನೂ ಮೇಲಕ್ಕೆ ಬಿಡುವುದಿಲ್ಲ. ಮೇಲಿನ ಹೋಂಸ್ಟೇಗೆ ಬಂದ ಬಿಳಿ ಸೆಡಾನೊಂದು ದೀಪ ಉರಿಸಿಕೊಂಡು ಕಾಯುತ್ತಿದೆ. ಭೂತಯ್ಯ ಅದಕ್ಕೆ ಒಂದು ಸುತ್ತು ಬರುತ್ತಾರೆ. ಆಮೇಲೆ ಮೊಣಕಾಲೂರಿ, ಹಸು ಗಬ್ಬ ನಿಂತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ, ಕಾರಿನ ಅಡಿಗೆ ಕತ್ತು ಹಾಕುತ್ತಾರೆ.

“ಸಾರ್, ನೀವೊಬ್ರು ಕೂತ್ಕಳಿ. ಮಿಕ್ಕೋರೆಲ್ಲ ಇಳೀರಿ.”

“ಅಮ್ಮನೂ ಇಳೀಬೇಕಾ?”

“ಅಮ್ಮನೂ ಇಳೀಲಿ, ಅಮ್ಮನ ಬ್ಯಾಗೂ ಇಳೀಲಿ. ಭಾರ ಕೂತ್ರೆ ಹೊಟ್ಟೆನೂ ಕೂರ್ತದೆ.”

ಎಲ್ಲರೂ ಗೊಣಗಿಕೊಂಡು ಇಳಿಯುತ್ತಾರೆ. ಭೂತಯ್ಯ ಗುಡ್ಡಕ್ಕೆ ಬೆನ್ನು ಮಾಡಿ, ಕಾರಿಗೆ ಮುಖ ಮಾಡಿ, ಎರಡೂ ಅಂಗೈ ಎತ್ತಿ ಹಿಂದುಹಿಂದಕ್ಕೆ ಏರು ಹತ್ತತೊಡಗುತ್ತಾರೆ. ತಿರುವಿನಲ್ಲೂ ಹಿಂದಿರುಗಿ ನೋಡುವುದಿಲ್ಲ. ಕಲ್ಲು ಎಲ್ಲಿದೆ, ಚರಂಡಿ ಎಲ್ಲಿದೆ ಎಂಬುದು ಹಿಮ್ಮಡಿಗೇ ಗೊತ್ತು.

“ಬರ್ಲಿ, ಬರ್ಲಿ, ಬರ್ಲಿ... ತಡಿ. ಬಲಕ್ಕೊಂಚೂರು. ಹಾಂ. ಹೊಟ್ಟೆ ಜೋಪಾನ.”

ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಅಮ್ಮ, “ಹಾಸನದಲ್ಲೇ ಇಡ್ಲಿ ತಿಂದ್ವಪ್ಪ, ಹೊಟ್ಟೆಗೇನೂ ತೊಂದ್ರೆ ಇಲ್ಲ” ಎನ್ನುತ್ತಾರೆ. ಭೂತಯ್ಯ ನಗುವುದಿಲ್ಲ. ಹೊಸಬರು ಬಂದಾಗಲೆಲ್ಲ ಇದೇ ಉತ್ತರ ಬರುತ್ತದೆ.

ಈ ಕಡೆ ಕಾರಿನ ಅಡಿಭಾಗಕ್ಕೆ ಹೊಟ್ಟೆ ಅಂತಲೇ ಹೆಸರು. ಜೀಪಿಗೆ ಹೊಟ್ಟೆಯ ಚಿಂತೆ ಇಲ್ಲ; ಅದು ಕಾಲು ಉದ್ದದ ಪ್ರಾಣಿ. ಸೆಡಾನ್ ಹಾಗಲ್ಲ, ನೆಲಕ್ಕೆ ಹತ್ತಿರ. ಏರಿನ ನೆತ್ತಿಯಲ್ಲಿ ದಾರಿಗೆ ಅಡ್ಡಲಾಗಿ ಎಮ್ಮೆಯೊಂದು ಮಲಗಿದಂಥ ಬಂಡೆ ಇದೆ. ಮುಂದಿನ ಚಕ್ರ ಅದನ್ನು ದಾಟಿ ಇಳಿದು, ಹಿಂದಿನ ಚಕ್ರ ಇನ್ನೂ ಹತ್ತದೆ ಇರುವ ಆ ಒಂದು ಗಳಿಗೆಯಲ್ಲಿ ಕಾರಿನ ಹೊಟ್ಟೆ ಎಮ್ಮೆಯ ಬೆನ್ನಿನ ಮೇಲಿರುತ್ತದೆ. ಒಡೆಸಿಬಿಡೋಣ ಎಂದರೆ ಕೂಲಿಯವರ ಲೈನುಮನೆಗಳಿಗೆ ಕುಡಿಯುವ ನೀರು ಕೊಡುವ ಒರತೆ ಇರುವುದು ಅದೇ ಬಂಡೆಯ ಕೆಳಗೆ. ಸಿಡಿಮದ್ದು ಇಟ್ಟರೆ ಒರತೆ ಮುಚ್ಚೀತು ಅಂತ ಯಾರೂ ಆ ಗೊಡವೆಗೆ ಹೋಗಿಲ್ಲ.

ಹಾಗಾಗಿ ಭೂತಯ್ಯನವರ ವಿದ್ಯೆ. ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ಬಂಡೆಯ ಈಚೆಗೂ ಆಚೆಗೂ ಒತ್ತಾಗಿ ಹಾಸುತ್ತಾರೆ. ಚಕ್ರ ಅದರ ಮೇಲೆ ಬಂದರೆ ಕಾರು ಇಷ್ಟೇ ಇಷ್ಟು ಎದ್ದು ನಿಲ್ಲುತ್ತದೆ. ನೇರ ಹತ್ತಿಸದೆ ಕೋನದಲ್ಲಿ, ಒಂದೊಂದೇ ಚಕ್ರ ಕರೆದುಕೊಳ್ಳುತ್ತಾರೆ. “ಹೊಟ್ಟೆ ಕಾಯಕ್ಕೆ ಹೊಟ್ಟು ಬೇಕು” ಎನ್ನುವುದು ಅವರೇ ಕಟ್ಟಿದ ಗಾದೆ. ಹೇಳಿದ ಮೇಲೆ ಕೇಳಿದವರ ಮುಖವನ್ನು ಒಂದು ಕ್ಷಣ ನೋಡುತ್ತಾರೆ, ನಗಲಿ ಅಂತ.

ಅವರಿಗೆ ಈ ಕೆಲಸ ಅಂಟಿದ್ದು ಆಕಸ್ಮಿಕ. ಎಸ್ಟೇಟಿನಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಕೊಂಡಿದ್ದವರು. ಒಂದು ದಿನ ಸಾಹುಕಾರರ ನೆಂಟರ ಕಾರು ಬಂಡೆಗೆ ಕೂತು, ಆಯಿಲ್ ಚೇಂಬರ್ ಒಡೆದು, ದಾರಿಯೆಲ್ಲ ಕಪ್ಪಗೆ ಹರಿಯಿತು. ನಾಳೆಯಿಂದ ಕಾರು ಬಂದರೆ ನೀನು ಮುಂದೆ ನಡಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದರು. “ಮುಂದೆ ನಡಿ ಅಂದ್ರು. ಮುಂದೆ ನಡೆದ್ರೆ ಹಿಂದಿರೋ ಕಾರು ಕಾಣಬೇಕಲ್ಲ? ಅದಕ್ಕೇ ತಿರುಗ್ಬುಟ್ಟೆ. ಅವತ್ತು ತಿರುಗಿದೋನು, ಇನ್ನೂ ತಿರುಗೇ ಇದೀನಿ.” ಹೆಂಡತಿ ಗಂಗಾಮಣಿ ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುತ್ತಾರೆ. ಅವರ ಮಾತು ಇನ್ನೂ ನೇರ: “ಈಯಪ್ಪ ಮುಂದ್ ನೋಡ್ಕಂಡು ಬಾಳಿದ್ದು ಯಾವಾಗ? ಈಗ ಅದ್ಕೇ ಸಂಬಳ ಬೇರೆ ಕೊಡ್ತಾರೆ.”

ನಾವೆಲ್ಲ ಕಾರಿನ ಚಂದವನ್ನು ಪಕ್ಕದಿಂದ ನೋಡುತ್ತೇವೆ. ಹಿಂದಕ್ಕೆ ಇಳಿಜಾರಾಗಿ ಹರಿಯುವ ಮಾಡು, ಬಾಗಿಲ ಮೇಲೆ ಎಳೆದಂಥ ಗೆರೆ, ಮಿರುಗುವ ಚಕ್ರ. ಭೂತಯ್ಯನವರಿಗೆ ಗೊತ್ತಿರುವುದು ಮುಖ ಮಾತ್ರ. ಕಂಪನಿ, ಮಾಡೆಲ್ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಅವರ ಲೆಕ್ಕದಲ್ಲಿ ಹಲ್ಲು ಕಿರಿಯುವ ಕಾರು ಒಂದು, ಹುಬ್ಬು ಗಂಟಿಕ್ಕಿದ ಕಾರು ಇನ್ನೊಂದು. ಈಚೆಗೆ ಬರುತ್ತಿರುವ, ಈ ಕಣ್ಣಿನಿಂದ ಆ ಕಣ್ಣಿನವರೆಗೆ ಒಂದೇ ಬೆಳಕಿನ ಪಟ್ಟಿ ಇರುವ ಕಾರಿಗೆ ಅವರು ಇಟ್ಟ ಹೆಸರು ‘ವಿಭೂತಿ’. ಮಂಜಿನಲ್ಲಿ ಮೊದಲು ಆ ಪಟ್ಟಿ ಕಾಣುತ್ತದೆ, ಆಮೇಲೆ ಕಾರು.

“ಒಳಗಡೆ ಟೀವಿ ಐತೆ. ಅದ್ರಲ್ಲಿ ನಾಕೂ ಕಡೆ ಕಾಣ್ತದಂತೆ, ಮೇಲಿಂದ ನೋಡ್ದಂಗೆ. ಒಬ್ಬ ಹುಡುಗ ಕರ್ದು ತೋರಿಸ್ದ. ನೋಡ್ತೀನಿ, ಯಾವನೋ ಬೋಳುತಲೆಯೋನು ನಿಂತವ್ನೆ. ನಾನೇ ಕಣ್ರೀ.” ಅವತ್ತಿನಿಂದ ಬೇಸಿಗೆಯಲ್ಲೂ ಮಫ್ಲರ್ ಬಿಟ್ಟಿಲ್ಲ. ಆ ಕ್ಯಾಮೆರಾ ನಿಮ್ಮ ಹೊಟ್ಟೆಪಾಡಿಗೆ ಕಲ್ಲು ಹಾಕೋದಿಲ್ಲವೇ ಎಂದರೆ, “ಅದು ಪಕ್ಕ ನೋಡ್ತದೆ. ಅಡಿ ನೋಡೋ ಕ್ಯಾಮೆರಾನೂ ಬರ್ಬೋದು, ಬರ್ಲಿ. ಸದ್ಯಕ್ಕೆ ಅದು ಕಾಫಿ ಗಿಡದ ರೆಂಬೆ ಸೋಕಿದ್ರೂ ಕುಂಯ್ ಕುಂಯ್ ಅಂತದೆ.”

ಅವರ ಬಾಯಿಂದ ಒಂದು ಪದ ಮಾತ್ರ ಹೊರಡುವುದಿಲ್ಲ: ಡಿಕ್ಕಿ. ಅದಕ್ಕೊಂದು ಫ್ಲ್ಯಾಶ್‌ಬ್ಯಾಕ್ ಇದೆ. ಮೋನಿಕಾ ಎಂಬ ಹುಡುಗಿ ಒಂದು ದಿನ ತನ್ನ ಹೊಸ ಸೆಡಾನನ್ನು ತಾನೇ ಓಡಿಸಿಕೊಂಡು ಬಂದರು. ಕಾರಿನ ಮೂತಿ ಸಿಲ್ವರ್ ಮರಕ್ಕೆ ಇನ್ನೇನು ತಾಗಬೇಕು, ಭೂತಯ್ಯ “ಡಿಕ್ಕಿ, ಡಿಕ್ಕಿ” ಎಂದು ಕೂಗಿದರು. ಮೋನಿಕಾ ಪಾಪ, ಹೇಳಿದ ಹಾಗೆ ಗುಂಡಿ ಒತ್ತಿದರು. ಹಿಂದಿನ ಡಿಕ್ಕಿ ಗರುಡನ ರೆಕ್ಕೆಯಂತೆ ತೆರೆದುಕೊಂಡಿತು. ಅವತ್ತು ಸಾಮಾನು ಇಳಿಸಿರಲಿಲ್ಲ. ಕುಕ್ಕರು, ಕಲ್ಲಂಗಡಿ ಹಣ್ಣು, ಮಡಚುವ ಕುರ್ಚಿ ಎಲ್ಲ ಒಂದರ ಹಿಂದೊಂದು ಇಳಿಜಾರು ಹಿಡಿದವು. “ಅಂಕಲ್, ನೀವೇ ಅಲ್ವಾ ಡಿಕ್ಕಿ ಅಂದಿದ್ದು?” ಎಂದು ಆಕೆ ಅಳು ಮುಖ ಮಾಡಿದರೆ ಇವರು ಕಲ್ಲಂಗಡಿಯ ಹಿಂದೆ ಓಡಿದರು. ಕುಕ್ಕರಿನ ಸೀಟಿ ಈಗಲೂ ಸಿಕ್ಕಿಲ್ಲ. ಅಂದಿನಿಂದ ‘ಗುದ್ತದೆ’ ಎಂದಷ್ಟೇ ಹೇಳುತ್ತಾರೆ.

ಶನಿವಾರ, ಭಾನುವಾರ ಬಿಡುವಿಲ್ಲ. ಆದರೆ ಅದರಲ್ಲಿ ಸೆಡಾನುಗಳು ಕಡಿಮೆಯಾಗುತ್ತಿವೆ. ಜನ ಎತ್ತರದ ಗಾಡಿ ಕೊಳ್ಳುತ್ತಾರೆ. “ಅವು ನನ್ ಕಡೆ ತಿರುಗೂ ನೋಡ್ದಂಗೆ ಹತ್ಕಂಡು ಹೋಗ್ಬುಡ್ತವೆ. ಧೂಳು ಕುಡ್ಕಂಡು ನಿಲ್ಬೇಕು. ಈ ತಗ್ಗಿನ ಗಾಡಿ ಹಂಗಲ್ಲ. ನಾನಿಲ್ದೆ ಒಂದ್ ಹೆಜ್ಜೆ ಇಡಲ್ಲ.”

ಇಷ್ಟು ಕಾರು ಹತ್ತಿಸಿದವರು ಒಂದರಲ್ಲೂ ಕೂತಿಲ್ಲ. ಯಾರ ತಪ್ಪೂ ಅಲ್ಲ, ಕೆಲಸವೇ ಹಾಗಿದೆ. ಹತ್ತುವಾಗ ಮುಂದೆ ನಡೆಯಬೇಕು; ಇಳಿಯುವಾಗಲೂ ಮುಂದೆ ನಡೆಯಬೇಕು. ಮೇಲೆ ತಲುಪಿದರೆ ಅವರ ಮನೆ ಅಲ್ಲೇ ಲೈನಿನಲ್ಲಿದೆ, ಕೂರಿಸಿಕೊಂಡು ಹೋಗುವುದಾದರೂ ಎಲ್ಲಿಗೆ. “ಒಂದ್ ಸಲ ಹಿಂದಿನ ಸೀಟಲ್ಲಿ ಕೂತ್ಕಂಡು, ಕಾಲು ಚಾಚ್ಕಂಡು, ಮುಂದಕ್ಕೆ ನೋಡ್ಕಂಡು ಈ ಏರು ಹತ್ಬೇಕು ಅಂತ ಆಸೆ ಐತೆ” ಎನ್ನುತ್ತಾರೆ. ಮತ್ತೆ ತಾವೇ ತಿದ್ದಿಕೊಳ್ಳುತ್ತಾರೆ. “ಹಿಂದಕ್ಕೆ ನಡಿಯೋದ್ರಲ್ಲಿ ಒಂದು ಸುಖ ಐತೆ ಕಣಪ್ಪ. ಬರೋರ್ದೂ ಮುಖ ಕಾಣ್ತದೆ, ಹೋಗೋರ್ದೂ ಮುಖಾನೇ ಕಾಣ್ತದೆ. ನಾನು ಯಾರ ಬೆನ್ನೂ ನೋಡಿಲ್ಲ. ಒಬ್ರುದ್ದು ಬಿಟ್ಟು.”

ಆ ಒಬ್ಬರು ಮಗಳು ಸುಚಿತ್ರಾ.

ಸುಚಿತ್ರಾಳನ್ನು ಆಲೂರಿಗೆ ಕೊಟ್ಟಿದ್ದಾರೆ. ಅಳಿಯ ಅಭಿಲಾಷ್ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಆಳೂ ಶಾಮಿಯಾನದಷ್ಟೇ ವಿಶಾಲ. ಎರಡು ವರ್ಷದ ಹಿಂದೆ ಸುಚಿತ್ರಾ ಬಸುರಿಯಾದ ಹೊಸತರಲ್ಲಿ ಜೀಪಿನಲ್ಲಿ ತವರಿಗೆ ಬಂದು ಹೋದಳು. ವಾರ ಕಳೆಯುವುದರೊಳಗೆ ಬಸಿರು ಇಳಿದುಹೋಯಿತು. ಜೀಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತೆ ಮೀನಾಕ್ಷಮ್ಮನ ಮನಸ್ಸು ಒಪ್ಪಲಿಲ್ಲ. ಆ ಮೇಲೆ ಸುಚಿತ್ರಾ ತವರಿನ ಏರು ಹತ್ತಿಲ್ಲ. “ಜೀಪಿಗೆ ನಾನು ಬೇಕಾಗಿಲ್ಲ ನೋಡಿ, ಅದರ ಪಾಡಿಗೆ ಇಳೀತು. ಮನೆ ಮುಂದೆ ನಿಂತು ಅವಳ ಬೆನ್ನು ನೋಡ್ದೆ. ಅದೇ ಕಣ್ಣಲ್ಲಿ ಕೂತ್‌ಬುಟ್ಟೈತೆ.”

ಈ ಸಲ ಸುಚಿತ್ರಾ ಮತ್ತೆ ಬಸುರಿ. ದೀಪಾವಳಿಯ ಹೊತ್ತಿಗೆ ಅಭಿಲಾಷ್ ಹೊಸ ಸೆಡಾನ್ ಕೊಂಡ. ಏರಿನ ಬುಡಕ್ಕೆ ಒಬ್ಬನೇ ತಂದು ನಿಲ್ಲಿಸಿ, ಮಾವನಿಗೆ ತೋರಿಸಿದ. ಮುಖದ ತುಂಬ ಬೆಳಕಿನ ಪಟ್ಟಿ, ವಿಭೂತಿಯೇ.

“ಎತ್ತರದ್ದು ತಗೋ ಅಂತ ಎಲ್ರೂ ಅಂದ್ರು ಮಾವ. ಅವ್ವನಿಗೆ ಮಂಡಿ ನೋವು, ಹತ್ತಕ್ಕೆ ಸ್ಟೂಲ್ ಹಾಕ್ಬೇಕು. ಇದಾದ್ರೆ ಕುರ್ಚಿ ಮೇಲೆ ಕೂತಂಗೆ ಕೂತು ಕಾಲು ಎಳ್ಕಂಡ್ರೆ ಆಯ್ತು. ಸುಚಿಗೂ ಅದೇ ಅನುಕೂಲ.”

ಹಿಂದಿನವರಿಗೂ ತಣ್ಣನೆ ಗಾಳಿ ಬರುವ ಕಿಂಡಿ, ಬಿಸಿಲಿಗೆ ಎಳೆದುಕೊಳ್ಳುವ ಜಾಲರಿ ಪರದೆ, ಮಧ್ಯದಿಂದ ಇಳಿಸಿದರೆ ಮೊಣಕೈಗೆ ದಿಂಬು, ಅದರಲ್ಲೇ ನೀರಿನ ಬಾಟಲಿಗೆ ತೂತು. ಮೂರು ಮೂಟೆ ನುಂಗುವ ಡಿಕ್ಕಿ. ಅದರಲ್ಲಿ ಶಾಮಿಯಾನದ ಹಗ್ಗ ಕೂಡ ಇಡಬಾರದು ಎಂದು ಸುಚಿತ್ರಾ ಆಣೆ ಹಾಕಿಸಿಕೊಂಡಿದ್ದಾಳೆ. ಭೂತಯ್ಯ ಎಲ್ಲದಕ್ಕೂ ಹೂಂಗುಟ್ಟಿದರು. ಸೀಟು ಸವರುವಾಗ ಹಿಂದಿನ ಸಂದಿನಲ್ಲಿ ಬೆರಳಿಗೆ ಕಬ್ಬಿಣ ಸಿಕ್ಕಿತು.

“ಇದ್ಯಾವ ಕೊಂಡಿ ಅಳಿಯಂದ್ರೆ?”

“ಮಗೂಗೆ ಅಂತ ಬೇರೆ ಸೀಟು ಬರ್ತದೆ ಮಾವ. ಅದನ್ನ ಇದಕ್ಕೆ ಸಿಗಿಸೋದು.”

ಭೂತಯ್ಯನವರಿಗೆ ಬೆರಳನ್ನು ಅಲ್ಲಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು ಎಂದು ಅಭಿಲಾಷ್ ನೆನೆಯುತ್ತಾನೆ.

ಚೊಚ್ಚಲ ಬಾಣಂತನ ತವರಿನದು. ಮಡಿಲು ತುಂಬಿದ ಮೇಲೆ ಸುಚಿತ್ರಾ ಮನೆಗೆ ಬರಬೇಕು, ದಿನ ಹತ್ತಿರವಾದಾಗ ಸಕಲೇಶಪುರದ ಚಿಕ್ಕಮ್ಮನ ಮನೆಗೆ ಇಳಿದು ಅಲ್ಲೇ ಆಸ್ಪತ್ರೆಗೆ ಹೋಗಬೇಕು. ನಿಧಾನವಾಗಿ ಹೋದರೆ ಆಗಬಹುದು ಎಂದು ಡಾಕ್ಟರೂ ಅಂದರು. ಗಂಗಾಮಣಿ ಫೋನಿನಲ್ಲಿ ಬೀಗಿತ್ತಿಯನ್ನು ಕೇಳಿದಾಗ ಮೀನಾಕ್ಷಮ್ಮ ಇಲ್ಲ ಎನ್ನಲಿಲ್ಲ. ಷರತ್ತು ಹಾಕಿದರು. “ಜೀಪು ಬ್ಯಾಡ, ಕುಲುಕ್ತದೆ. ಆ ಬಂಡೆ ಮೇಲೆ ಇಳಿಸಿ ನಡೆಸೋದೂ ಬ್ಯಾಡ, ಇಬ್ಬನಿಗೆ ಜಾರ್ತದೆ. ನಮ್ ಕಾರಲ್ಲೇ, ಮನೆ ಬಾಗಿಲ ತಂಕ ಕೂತೇ ಹೋಗೋದಾದ್ರೆ ಕಳಿಸ್ತೀನಿ. ಇಲ್ದಿದ್ರೆ ಇಲ್ಲೇ ಬಾಣಂತನ.”

ಚಾಲಕನೊಬ್ಬನ ಹೊರತು ಯಾರನ್ನೂ ಕೂರಿಸಿಕೊಂಡು ಸೆಡಾನ್ ಆ ಬಂಡೆ ದಾಟಿದ್ದಿಲ್ಲ. ಅದು ಭೂತಯ್ಯನವರೇ ಮಾಡಿದ ನಿಯಮ. ಅವರು ಫೋನು ಇಸಕೊಂಡು, “ಆಯ್ತು ಕಣಮ್ಮ, ಕೂತೇ ಬರ್ಲಿ” ಎಂದುಬಿಟ್ಟರು. ಆಮೇಲೆ ವಾರವೆಲ್ಲ ಕೆಲಸ ಮುಗಿಸಿ ಬಂದು ಬಂಡೆಯ ಪಾಚಿ ಉಜ್ಜಿದರು, ಹೊಸ ಚೀಲಗಳಿಗೆ ಹೊಟ್ಟು ತುಂಬಿದರು. ಗಂಗಾಮಣಿ ಲೈನಿನವರಿಗೆಲ್ಲ ಹೇಳಿಕೊಂಡು ನಕ್ಕರು. “ಮಗಳು ಬರೋಕೆ ಮುಂಚೆ ಎಮ್ಮೆಗೆ ಸ್ನಾನ ಆಗ್ತೈತೆ.” ನಗುತ್ತಲೇ ಬಾಣಂತಿ ಕೋಣೆಗೆ ಸುಣ್ಣ ಬಳಿದರು.

ಅವರು ಬಂದ ಬೆಳಗ್ಗೆ ಈ ಲೇಖನಕ್ಕೆ ಫೋಟೋ ತೆಗೆಯಲೆಂದು ನಾನೂ ಅಲ್ಲಿದ್ದೆ. ಮಂಜಿನಲ್ಲಿ ಮೊದಲು ವಿಭೂತಿ ಪಟ್ಟಿ ಕಂಡಿತು, ಆಮೇಲೆ ಕಾರು, ಆಮೇಲೆ ಹಿಂದಿನ ಸೀಟಿನಲ್ಲಿ ಸುಚಿತ್ರಾ. ಭೂತಯ್ಯ ಕೆಲಸದ ಮುಖ ಹಾಕಿಕೊಂಡರು. ಮಗಳನ್ನು “ಚೆನ್ನಾಗಿದೀಯಾ ಮಗ” ಎಂದು ಕೇಳಿದವರೇ ಬಗ್ಗಿ ಚಕ್ರ ನೋಡತೊಡಗಿದರು. ಏರಿನ ಬಹುಪಾಲು ಅಭಿಲಾಷನೇ ಓಡಿಸಿದ. ಬಂಡೆಯ ಬುಡದಲ್ಲಿ ಭೂತಯ್ಯ ಅಂಗೈ ಎತ್ತಿದರು.

“ಅಳಿಯಂದ್ರೆ, ನೀವು ಇಳೀಬೇಕು.”

“ಓಡಿಸೋನು ನಾನಲ್ವಾ ಮಾವ?”

“ಸುಚಿ ಕೂತವ್ಳೆ. ಅವಳ ಜೊತೆಗೆ ನೀವೂ ಕೂತ್ರೆ ಹೊಟ್ಟೆ ಎಮ್ಮೆ ಮೇಲೆ ಕೂರ್ತದೆ.”

ಡಿಕ್ಕಿಯೂ ಖಾಲಿಯಾಯಿತು. ಮೀನಾಕ್ಷಮ್ಮ ತುಂಬಿ ಕಳಿಸಿದ್ದ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಎಲ್ಲ ಅಭಿಲಾಷನ ಹೆಗಲೇರಿದವು. ಭೂತಯ್ಯ ಅಲ್ಲಿದ್ದವರನ್ನೆಲ್ಲ ಸಂತೆಯಲ್ಲಿ ಕೋಳಿ ನೋಡುವ ಹಾಗೆ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ತಮ್ಮ, ಲೈಸೆನ್ಸ್ ಐತಾ?”

“ಆನೇಮಹಲ್ ರೋಡಲ್ಲಿ ಬಂದು ಯಾರನ್ನಾದ್ರೂ ಕೇಳಿ, ನಾನು ಸ್ಟೇರಿಂಗ್ ಹಿಡಿದ್ರೆ—”

“ಅದೆಲ್ಲ ಬ್ಯಾಡ. ಎಷ್ಟು ತೂಕ ಇದೀಯ?”

ಈಗ ನಿಜ ಹೇಳುವ ಹೊತ್ತು. ನನ್ನನ್ನು ಆರಿಸಿದ್ದು ಅಲ್ಲಿದ್ದವರಲ್ಲಿ ನಾನೇ ಹಗುರ ಎಂಬ ಒಂದೇ ಕಾರಣಕ್ಕೆ. ಓಡಿಸಿದ್ದೂ ನಾನಲ್ಲ. ಆ ಕಾರಿಗೆ ಕ್ಲಚ್ ಇಲ್ಲ, ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಹಿಂದಕ್ಕೆ ಜಾರದ ಹಾಗೆ ತಾನೇ ಹಿಡಿದುಕೊಳ್ಳುತ್ತದೆ. ನಾನು ಮಾಡಿದ್ದು ಎರಡು ಅಂಗೈ ನೋಡಿದ್ದು ಮಾತ್ರ. ಇನ್ನು, ಗೀರು ಬೀಳಲಿಲ್ಲ ಎಂದೆನಲ್ಲ. ಬಿತ್ತು.

ಮುಂದಿನ ಚಕ್ರ ಬಂಡೆ ದಾಟಿ ಆಚೆಯ ಚೀಲದ ಮೇಲೆ ಇಳಿಯಿತು. ಭೂತಯ್ಯನವರ ಕಣ್ಣು ಅಲ್ಲಿವರೆಗೂ ಚಕ್ರದ ಮೇಲೇ ಇತ್ತು. “ಬರ್ಲಿ, ಬರ್ಲಿ. ಹೊಟ್ಟೆ ಜೋಪಾನ” ಎಂದು ಕೂಗಿದರು. ಹಿಂದೆ ಕೂತಿದ್ದ ಸುಚಿತ್ರಾ ತನಗೇ ಹೇಳಿದರು ಅಂದುಕೊಂಡಳು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಎರಡು ಸೀಟಿನ ಮಧ್ಯೆ ಮುಖ ತಂದು, “ಹೂಂ ಅಪ್ಪ, ಹಿಡ್ಕಂಡಿದೀನಿ” ಎಂದಳು. ಗಾಜು ಮುಚ್ಚಿತ್ತು, ಅವರಿಗೆ ಕೇಳಿಸಿರಲಾರದು. ಆದರೆ ಕಂಡಿತು. ಭೂತಯ್ಯನವರ ಕಣ್ಣು ಚಕ್ರದಿಂದ ಎದ್ದು ಗಾಜಿಗೆ ಬಂತು, ಅಲ್ಲೇ ನಿಂತಿತು. ಅಂಗೈ ಮಾತ್ರ ಬರ್ಲಿ ಬರ್ಲಿ ಎನ್ನುತ್ತಲೇ ಇತ್ತು. ‘ತಡಿ’ ಬರಬೇಕಾದ ಕಡೆ ಬರಲಿಲ್ಲ. ಕಾಲಿನ ಅಡಿಯಲ್ಲಿ ಗರ್‍ರ್ ಎಂದಿತು. ಅಷ್ಟರಲ್ಲಿ ಹಿಂದಿನ ಚಕ್ರವೂ ಬಂಡೆ ದಾಟಿತ್ತು.

ಬಾಳೆಗೊನೆ ಹೊತ್ತು ಓಡಿಬಂದ ಅಭಿಲಾಷ್ ಕೆಳಗೆ ಬಗ್ಗಲಾರದೆ, “ಏನಾಯ್ತು ಮಾವ?” ಎಂದ. ಭೂತಯ್ಯ ಅಂಗಾತ ಮಲಗಿ ಕಾರಿನ ಅಡಿ ನೋಡಿದರು. ಎದ್ದು ಮಣ್ಣು ಕೊಡವಿಕೊಂಡರು. ಒಂದು ಗೇಣು ಗೀರು, ಅಡಿಯ ಪ್ಲಾಸ್ಟಿಕ್ಕಿಗೆ ಮಾತ್ರ. ನಾನು, ತಪ್ಪು ನಂದೇ, ಬ್ರೇಕ್ ತಡವಾಯ್ತು ಎಂದು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

“ನಾನು ತಡಿ ಅನ್ಲಿಲ್ಲ.”

ಅಲ್ಲಿಂದ ಮನೆಯವರೆಗೆ ದಾರಿ ಮಟ್ಟಸ. ಸುಚಿತ್ರಾ ಗಾಜು ಇಳಿಸಿ ಪಕ್ಕದ ಸೀಟು ತಟ್ಟಿದಳು. “ಬಂಡೆ ಮುಗೀತಲ್ಲ ಅಪ್ಪ, ಹತ್ತು. ಎಷ್ಟ್ ದಿನದಿಂದ ಆಸೆ ನಿಂಗೆ.”

ಭೂತಯ್ಯ ಬಾಗಿಲ ಹಿಡಿಯ ಮೇಲೆ ಕೈ ಇಟ್ಟರು. ಕೈ ಹಿಂದಕ್ಕೆ ತೆಗೆದುಕೊಂಡರು.

“ಬ್ಯಾಡ ಮಗ. ಪಕ್ಕದಲ್ಲಿ ಕೂತ್ರೆ ಮುಖ ಸರ್ಯಾಗಿ ಕಾಣಲ್ಲ.”

ಮತ್ತೆ ಕಾರಿನ ಮುಂದೆ ಹೋಗಿ ನಿಂತು, ಅಗತ್ಯವೇ ಇಲ್ಲದ ಆ ಮಟ್ಟಸ ದಾರಿಯಲ್ಲಿ, ಗಂಗಾಮಣಿ ಆರತಿ ತಟ್ಟೆ ಹಿಡಿದು ನಿಂತಿದ್ದ ಬಾಗಿಲ ತನಕ ಹಿಂದುಹಿಂದಕ್ಕೇ ನಡೆದರು. ನಾನು ಅವರ ನಡಿಗೆಯ ವೇಗಕ್ಕೇ ಕಾರು ಬಿಟ್ಟೆ.

ಕಾಫಿ ಕುಡಿಯುವಾಗ ಕೇಳಿದೆ: ಗೀರಿನ ವಿಷಯ ಬಿಟ್ಟು ಬರೆಯಲೇ, ಇಷ್ಟು ವರ್ಷ ಕಾಪಾಡಿಕೊಂಡ ಹೆಸರು. ಒಳಗಿನಿಂದ ತಾಯಿ ಮಗಳ ನಗು ಕೇಳುತ್ತಿತ್ತು. ಭೂತಯ್ಯ ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಈ ಬರಹದ ಮೊದಲ ಪ್ಯಾರಾ ನನ್ನದು, ಅದಕ್ಕೆ ಅವರು ಜವಾಬ್ದಾರರಲ್ಲ. ಕೊನೆಯ ಮಾತು ಅವರದು.

“ಸುಳ್ಳು ಬರೀಬ್ಯಾಡ ಮಾರಾಯ. ಒಂದ್ ಸಲ ಕಣ್ಣು ತಪ್ತು ಅಂತ ಬರಿ. ಯಾಕ್ ತಪ್ತು ಅಂತಾನೂ ಬರಿ.”